ಬಾಹ್ಯಾಕಾಶದಲ್ಲಿ ಯೂ-ಟರ್ನ್ ಇಲ್ಲ ಮಾರಾಯ

ಮೊನ್ನೆ ಭಾನುವಾರ ಲ್ಯಾಪ್‌ಟಾಪ್ ತಂದು ನಿನ್ನ ಗೇಮ್ ತೋರಿಸಿದೆಯಲ್ಲ, ನಿನ್ನ ಅತ್ತೆ ಎದುರಿಗಿದ್ದಳು ಅಂತ ನಾನು ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾದೆ. ಉಳಿದದ್ದನ್ನು ಈಗ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆಯುಷ್ಯವಿಡೀ ಫಿಸಿಕ್ಸ್ ಪಾಠ ಮಾಡಿದವನ ಬಾಯಿ, ಸುಮ್ಮನಿರುವುದಿಲ್ಲ.

ಮಂಗಳಕ್ಕೆ ಸರಕು ನೌಕೆ ಕಳಿಸಿ ಮಾವ ಅಂದೆ. ಕಳಿಸುವ ಮೊದಲು ಕಕ್ಷೆಯ ಓರೆ ಎಷ್ಟು, ಚಪ್ಪಟೆ ಎಷ್ಟು ಅಂತ ಆರು ಸಂಖ್ಯೆ ತುಂಬಿಸಿದೆ. ಆಮೇಲೆ 259 ದಿನ ಇಳಿಯುವುದನ್ನು ನೋಡುತ್ತ ಕೂತೆ. ಕಾಫಿ ಕುಡಿದು ಬಂದರೂ 80 ದಿನ ಬಾಕಿ. ಅಷ್ಟರಲ್ಲಿ ವೈರಿಯ ನೌಕೆ ನಡುದಾರಿಯಲ್ಲಿ ಆಟೋ ತಿರುಗಿಸಿದ ಹಾಗೆ ಗರಕ್ಕನೆ ತಿರುಗಿ ವಾಪಸು ಹೋಯಿತು! ಬೇಸರ ಬರುವ ಕಡೆ ನಿಜ ಹೇಳಿದ್ದೀಯ, ರಂಗೇರಬೇಕಾದ ಕಡೆ ಸುಳ್ಳು. ಎರಡೂ ಅದಲುಬದಲಾಗಿವೆ.

ಆ ಆರು ಸಂಖ್ಯೆ ಕಂಪ್ಯೂಟರ್ ನೋಡಿಕೊಳ್ಳಲಿ. ಆಡುವವನಿಗೆ ಬೇಕಾದದ್ದು ಮೂರೇ: ಯಾವಾಗ ಹೊರಡಲಿ, ಎಷ್ಟು ಇಂಧನ, ಯಾವಾಗ ತಲುಪುತ್ತೇನೆ. ಭೂಮಿಯಿಂದ ಮಂಗಳಕ್ಕೆ ಅಗ್ಗದ ದಾರಿ ತೆರೆಯುವುದು ಸುಮಾರು 26 ತಿಂಗಳಿಗೊಮ್ಮೆ. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಮೇಲೇರಿ ಡಿಸೆಂಬರ್ 1ರಂದು ಭೂಮಿಯ ಕಕ್ಷೆ ಬಿಟ್ಟಿತು. ಆ ಸಲ ತಪ್ಪಿದ್ದರೆ 2016ರವರೆಗೆ ಕಾಯಬೇಕಿತ್ತು. ಊರಿಗೆ ದಿನಕ್ಕೊಂದೇ ಬಸ್ಸು ಇದ್ದಾಗ ಮದುವೆ ಮಾತುಕತೆಯಿಂದ ಹಿಡಿದು ಅಡಿಕೆ ಮಾರಾಟದವರೆಗೆ ಎಲ್ಲವೂ ಆ ಬಸ್ಸಿನ ಹೊತ್ತಿಗೇ ಹೊಂದಿಕೊಳ್ಳುತ್ತಿತ್ತು. ನಿನ್ನ ಆಟವೂ ಅಷ್ಟೇ. ದಿನಾಂಕ ಇಬ್ಬರಿಗೂ ಗೊತ್ತು. ನಾನು ಪಡೆ ಕಳಿಸಿದ್ದು ವೈರಿಗೆ ಕಾಣುತ್ತದೆ, ಎಂಟು ತಿಂಗಳು ಅದು ನನ್ನ ಕೈಗೆ ಸಿಗುವುದಿಲ್ಲ ಅಂತಲೂ ಅವನಿಗೆ ಗೊತ್ತು. ಮನೆ ಖಾಲಿ ಬಿಟ್ಟು ಹೋಗಲೇ, ಬೇಡವೇ? ಆ ತಳಮಳವೇ ಆಟ. ನಡುವಿನ ದಿನಗಳನ್ನು ಒಂದು ಗುಂಡಿ ಒತ್ತಿ ಹಾರಿಸು.

ಇನ್ನು ಆ ಯೂ-ಟರ್ನ್. ತಿರುಗಬೇಡ ಅಂತ ನಾನು ಹೇಳುತ್ತಿಲ್ಲ, ಬೆಲೆ ತೋರಿಸು ಅಂತೀನಿ. ರಾಕೆಟ್ಟಿನ ಹಿಂದೆ ಹೊಗೆ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಚಿಮ್ಮುತ್ತದೆ ಎಂದುಕೋ. ಖಾಲಿ ನೌಕೆ ಒಂದು ಟನ್. ಅದು 3 ಕಿ.ಮೀ. ವೇಗ ಗಳಿಸಲು ಹೊರಡುವಾಗ ಒಟ್ಟು 2.7 ಟನ್ ಇರಬೇಕು. 6 ಕಿ.ಮೀ. ಬೇಕೆಂದರೆ 7.4 ಟನ್. 9 ಅಂದರೆ 20! ಸಿಯೋಲ್ಕೊವ್‌ಸ್ಕಿ 1903ರಲ್ಲೇ ಬರೆದಿಟ್ಟ ಲೆಕ್ಕ ಇದು. ವಾಪಸಾಗುವವನು ಇದ್ದ ವೇಗವನ್ನು ಮೊದಲು ಕೊಲ್ಲಬೇಕು, ಆಮೇಲೆ ಹೊಸದನ್ನು ಗಳಿಸಬೇಕು. ವೈರಿಯ ಟ್ಯಾಂಕು ಖಾಲಿಯಾಗುವುದು ಪರದೆಯ ಮೇಲೆ ಕಾಣಲಿ, ನನಗೆ ಖುಷಿಯಾಗುತ್ತದೆ.

ಅಟ್ಟಿಸಿಕೊಂಡು ಹೋಗುವುದರಲ್ಲೂ ಒಂದು ತಮಾಷೆ ಇದೆ. 1965ರ ಜೂನ್‌ನಲ್ಲಿ ಜೆಮಿನಿ-4 ನೌಕೆಯಲ್ಲಿದ್ದ ಗಗನಯಾತ್ರಿ ಮೆಕ್‌ಡಿವಿಟ್, ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಲು ಅದರತ್ತ ಮುಖಮಾಡಿ ಎಂಜಿನ್ ಒತ್ತಿದರು. ಅದು ಇನ್ನೂ ದೂರವಾಯಿತು. ಇಂಧನ ಕರಗುತ್ತ ಬಂದು ಪ್ರಯತ್ನ ಕೈಬಿಟ್ಟರು. ವೇಗ ಹೆಚ್ಚಿಸಿದರೆ ಕಕ್ಷೆ ಎತ್ತರವಾಗಿ ಸುತ್ತು ದೊಡ್ಡದಾಗುತ್ತದೆ, ನೀನು ಹಿಂದೆ ಬೀಳುತ್ತೀಯ. ಮುಂದಿರುವವನನ್ನು ಹಿಡಿಯಲು ಬ್ರೇಕ್ ಹಾಕಿ ಕೆಳಗಿಳಿಯಬೇಕು. ಇದನ್ನು ಪುಸ್ತಕದಂತೆ ವಿವರಿಸಬೇಡ. ಆಡುವವನು ಒಮ್ಮೆ ಮೆಕ್‌ಡಿವಿಟ್‌ನ ಹಾಗೆ ಸೋಲಲಿ, ಎರಡನೇ ಸಲ ತಾನೇ ಕಂಡುಕೊಳ್ಳುತ್ತಾನೆ.

ಉಳಿದ ಕಡೆ ಧಾರಾಳವಾಗಿ ಸುಳ್ಳು ಹೇಳು. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದಲ್ಲಿ ನೌಕೆ ಹೊರಡುವ ಗ್ರಹದ ತ್ರಿಜ್ಯ ಬರೀ 600 ಕಿ.ಮೀ., ನಮ್ಮ ಭೂಮಿಯದರ ಸುಮಾರು ಹತ್ತನೇ ಒಂದು ಪಾಲು. ಒಂದು ಹೊತ್ತಿಗೆ ಒಂದೇ ಗೋಳದ ಗುರುತ್ವ ಎಳೆಯುತ್ತದೆ. ಆದರೂ ಅದನ್ನಾಡಿ ಕಕ್ಷೆ ಕಲಿತವರು ಎಷ್ಟೋ ಜನ. 1962ರಲ್ಲಿ ಎಂಐಟಿಯಲ್ಲಿ ಹುಟ್ಟಿದ ‘ಸ್ಪೇಸ್‌ವಾರ್!’ನಲ್ಲಿ ನಡುವಿನ ನಕ್ಷತ್ರ ನೌಕೆಗಳನ್ನು ಎಳೆಯುತ್ತಿತ್ತು, ಸಿಡಿಗುಂಡುಗಳನ್ನು ಎಳೆಯುತ್ತಿರಲಿಲ್ಲ. ಆ ಕಂಪ್ಯೂಟರಿಗೆ ಅಷ್ಟು ತ್ರಾಣವಿರಲಿಲ್ಲ.

ಮುಂದಿನ ಭಾನುವಾರ ಊಟಕ್ಕೆ ಬಾ. ಆ ವೈರಿ ನೌಕೆಗೆ ಇಂಧನದ ಲೆಕ್ಕ ಹಾಕಿಸಿಕೊಂಡು ಬಾ, ಈ ಸಲ ಅದನ್ನು ನಾನೇ ಓಡಿಸುತ್ತೇನೆ.