ಬೈಕಿನ ಬ್ರಾಕೆಟ್ಟಿಗೆ ಎಂಥ ತಗಡು ಬೇಕು?

ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಈಗ ಎತ್ತಿಲ್ಲದ ಮನೆ ಬೇಕಾದಷ್ಟು, ಬೈಕಿಲ್ಲದ ಮನೆ ಅಪರೂಪ. ಹೊಲಕ್ಕೆ ಗೊಬ್ಬರ, ಡೇರಿಗೆ ಹಾಲು, ಮೆಕ್ಕೆಜೋಳಕ್ಕೆ ಔಷಧಿ ಹೊಡೆಯೋ ಪಂಪು, ಎಲ್ಲ ಅದರ ಮೇಲೇ. ಗುಜರಾತಿನ ಅಮ್ರೇಲಿ ಜಿಲ್ಲೆಯ ರೈತ ಮನ್ಸುಖಭಾಯಿ ಜಗಾನಿ 1994ರಲ್ಲೇ ಬುಲೆಟ್ ಬೈಕಿನ ಹಿಂದಿನ ಗಾಲಿ ತೆಗೆದು, ಎರಡು ಗಾಲಿ ಕೂರಿಸಿ, ಅದರಿಂದ ಎಡೆ ಹೊಡೆದವರು. ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ. 16 ಲೀಟರಿನ ಪಂಪು ಕೂರಿಸಲು ಬೈಕಿನ ಪಕ್ಕಕ್ಕೆ ಒಂದು ಬ್ರಾಕೆಟ್, ಅಷ್ಟೇ.

ನೀರಾವರಿಯವರು ಖಾಲಿ ಪಂಪು ಒಯ್ದು ಹೊಲದಲ್ಲೇ ತುಂಬಿಸಿಕೊಳ್ತಾರೆ. ಬೆದ್ದಲಿನವರು ನಾವು ಊರಿಂದಲೇ ನೀರು ತುಂಬಿ ಒಯ್ಯಬೇಕು. ಪಂಪಿನ ತೂಕ ಸೇರಿ 20 ಕಿಲೋ ದಾಟುತ್ತದೆ. ಬಂಡಿ ಜಾಡಿನ ಗುಂಡಿಗೆ ಗಾಲಿ ಬಿದ್ದಾಗ ಅದೇ ಭಾರ ಎರಡು ಮೂರು ಪಟ್ಟಾದಂತೆ ಜಗ್ಗುತ್ತದೆ.

ಹೋದ ಮುಂಗಾರಿನಲ್ಲಿ ನಮ್ಮ ಪಕ್ಕದ ಹೊಲದವರ ಬ್ರಾಕೆಟ್ ಮುರಿದು ಪಂಪು ಹಿಂದಿನ ಗಾಲಿಗೆ ಸಿಕ್ಕಿಕೊಂಡಿತು. ಬಿದ್ದು ಭುಜದ ಎಲುಬು ಮುರಿದುಕೊಂಡರು. ಎಡೆ ಹೊಡೆಯೋ ಹೊತ್ತಿಗೆ ಮನೆಯ ಒಬ್ಬ ಆಳು ಎರಡು ತಿಂಗಳು ಮೂಲೆಗೆ. ಮುರಿದ ತುಂಡು ತರಿಸಿ ನೋಡಿದೆ. ತೆಳು ತಗಡೇನಲ್ಲ, 5 ಮಿಲಿಮೀಟರಿನ ದಪ್ಪ ಪಟ್ಟಿ. ಅದು ಭಾರಕ್ಕೆ ಬಗ್ಗಿರಲಿಲ್ಲ. ವೆಲ್ಡಿಂಗ್ ಮುಗಿದ ಜಾಗದ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಅದು ದಿನಾ ಅಲುಗಿ ಅಲುಗಿ ಬೆಳೆದಿತ್ತು. ಮುರಿದ ಅಂಚಿನಲ್ಲಿ ಅರ್ಧ ಭಾಗ ತುಕ್ಕು, ಅರ್ಧ ಭಾಗ ಹೊಸ ಬಿಳುಪು. ಅಂದರೆ ಬಿರುಕು ಬಿಟ್ಟು ಬಹಳ ದಿನ ಆಗಿತ್ತು.

ದಪ್ಪ ಇದ್ದರೆ ಗಟ್ಟಿ ಅನ್ನೋದು ಅರ್ಧ ಸತ್ಯ. ಮನೆಯಲ್ಲಿರೋ ಹಳೇ ಲಗ್ನಪತ್ರಿಕೆ ತಗೊಂಡು ಎರಡು ಲೋಟದ ಮೇಲೆ ಸೇತುವೆಯಂತೆ ಇಡಿ. ನಡುವೆ ನಾಲ್ಕು ನಾಣ್ಯ ಇಟ್ಟರೆ ಬಗ್ಗುತ್ತದೆ. ಅದೇ ಪತ್ರಿಕೆಯ ಎರಡೂ ಅಂಚನ್ನು ಬೆರಳಗಲ ಕೆಳಕ್ಕೆ ಮಡಚಿ ಇಡಿ, ಹತ್ತಾರು ನಾಣ್ಯ ಹೊರುತ್ತದೆ. ಕಾಗದ ಅದೇ, ಆಕಾರ ಬೇರೆ. ತಗಡಿನ ಮಾತೂ ಇದೇ. ಡಿಪ್ಲೊಮಾ ಓದಿದ ನನ್ನ ತಂಗಿಯ ಮಗ ಲೆಕ್ಕ ಹಾಕಿ ತೋರಿಸಿದ. 8 ಇಂಚು ಅಗಲದ 2 ಮಿಲಿಮೀಟರ್ ತಗಡಿಗೆ ಎರಡೂ ಕಡೆ ಒಂದೊಂದು ಇಂಚು ಅಂಚು ಮಡಚಿದರೆ, ಅಷ್ಟೇ ಅಗಲದ 5 ಮಿಲಿಮೀಟರಿನ ಚಪ್ಪಟೆ ಪಟ್ಟಿಗಿಂತ ಏಳು ಪಟ್ಟಿಗೂ ಮಿಕ್ಕಿ ಬಗ್ಗದೆ ನಿಲ್ಲುತ್ತದೆ. ತೂಕ ಮಾತ್ರ ಅರ್ಧ!

ಹಾಗಾಗಿ ನಮಗೆ ಬೇಕಾದ್ದು ಮಡಚಿದರೆ ಬಿರಿಯದಂಥ ಮೆತ್ತನೆ ಕಬ್ಬಿಣದ ತಗಡು, 2 ಮಿಲಿಮೀಟರಿನದು. ಅಂಗಡಿಯಲ್ಲಿ 14 ಗೇಜು ಅಂತಾರೆ. ಗೇಜಿನ ಲೆಕ್ಕ ತಿರುಗುಮುರುಗು, ನಂಬರು ದೊಡ್ಡದಾದಷ್ಟೂ ತಗಡು ತೆಳು. 16 ಗೇಜು ಅಂದರೆ 1.6 ಮಿಲಿಮೀಟರ್, 18 ಅಂದರೆ 1.2. ಗುಜರಿಯಲ್ಲಿ ತಗೊಳ್ಳೋದಾದರೆ ತಕ್ಕಡಿ ಅಲ್ಲೇ ಇರುತ್ತದೆ. ಒಂದು ಅಡಿ ಚೌಕದ ತುಂಡು ಒಂದೂವರೆ ಕಿಲೋ ಹತ್ತಿರ ತೂಗಿದರೆ ಅದು 2 ಮಿಲಿಮೀಟರ್. ಮುಕ್ಕಾಲು ಕಿಲೋಗಿಂತ ತುಸು ಜಾಸ್ತಿ, ಅಂದರೆ 875 ಗ್ರಾಂ ಇದ್ದರೆ 1.2ರದ್ದು, ಅದು ಪಂಪಿಗೆ ಬೇಡ.

ತಗೊಳ್ಳೋ ಮುಂಚೆ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಸುತ್ತಿಗೆಯಿಂದ ಪೂರಾ ಮಡಚಿ ಬಡಿಯಿರಿ. ಮಡಿಕೆಯ ಹೊರಮೈಯಲ್ಲಿ ಬಿರುಕು ಕಂಡರೆ ಆ ತಗಡು ಬಿಡಿ. ಉದ್ದಕ್ಕೊಂದು ಅಡ್ಡಕ್ಕೊಂದು ಎರಡು ಪಟ್ಟಿ ಮಡಚಿ ನೋಡಬೇಕು. ತಗಡು ಉರುಳೆಯಲ್ಲಿ ಎಳೆದು ಬಂದದ್ದು, ಮರದ ಎಳೆಯಂತೆ ಅದಕ್ಕೂ ಒಂದು ದಿಕ್ಕಿರುತ್ತದೆ. ಚೆನ್ನಾಗಿ ಮಡಚಿದ ದಿಕ್ಕಿನಲ್ಲೇ ಅಂಚು ಮಡಿಸಿ.

ಲಾರಿಯ ಪಾಟಾ ಕುಂಟೆಗೆ ಲಾಯಕ್ಕು, ಇದಕ್ಕಲ್ಲ. ಅದು ಬಿರುಸು ಉಕ್ಕು, ವೆಲ್ಡಿಂಗ್ ಪಕ್ಕದಲ್ಲಿ ಪಟಕ್ಕನೆ ಬಿರಿಯುತ್ತದೆ. ಅಲ್ಯುಮಿನಿಯಂ ತೂಕದಲ್ಲಿ ಮೂರನೇ ಒಂದು ಪಾಲು, ಆದರೆ ನಮ್ಮೂರ ವೆಲ್ಡಿಂಗ್‌ನವರ ಕೈಗೆ ಬಗ್ಗೋದಲ್ಲ, ಸದಾ ಅಲುಗಾಟಕ್ಕೆ ಬೇಗ ದಣಿಯುತ್ತದೆ ಕೂಡ. ಸತು ಬಳಿದ ಜಿಐ ತಗಡು ಔಷಧಿ, ಯೂರಿಯಾ ತಾಗಿದರೂ ಸ್ವಲ್ಪ ತಡೆಯುತ್ತದೆ. ಆದರೆ ಅದನ್ನು ಬೋಲ್ಟಿನಿಂದಲೇ ಜೋಡಿಸಿ. ವೆಲ್ಡಿಂಗ್ ಮಾಡಿದರೆ ಸತು ಸುಟ್ಟು ಬಿಳಿ ಹೊಗೆ ಏಳುತ್ತದೆ, ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಇನ್ನು ಹಳೇ ಬ್ಯಾರಲ್ ಅಂತೂ ಬೇಡವೇ ಬೇಡ. ತಗಡು ತೆಳು. ಒಳಗೆ ಡೀಸೆಲ್ ಹಬೆ ಉಳಿದಿದ್ದರೆ ಕತ್ತರಿಸುವಾಗ ಸಿಡಿದು ಪ್ರಾಣ ತೆಗೀತದೆ.

ಮಡಚುವಾಗ ಚೂಪು ಮೂಲೆಗೆ ಬಡಿಯಬೇಡಿ. ಬೆರಳಿಗಿಂತ ಸಣ್ಣ ಸರಳನ್ನು ಒಳಗಿಟ್ಟು, ಅದರ ದುಂಡಿಗೆ ತಕ್ಕಂತೆ ಬಗ್ಗಿಸಿ. ತೂತನ್ನು ಡ್ರಿಲ್ಲಿನಿಂದಲೇ ಕೊರೆಸಿ. ಎಷ್ಟೋ ಕಡೆ ವೆಲ್ಡಿಂಗ್ ಕಡ್ಡಿಯಿಂದಲೇ ಸುಟ್ಟು ತೂತು ಮಾಡಿಕೊಡ್ತಾರೆ. ಆ ಒರಟು ಅಂಚಿನಿಂದಲೇ ಬಿರುಕು ಹೊರಡೋದು. 8 ಮಿಲಿಮೀಟರ್ ಬೋಲ್ಟಿನ ತೂತಿನ ನಡುಭಾಗ ತಗಡಿನ ಅಂಚಿನಿಂದ 16 ಮಿಲಿಮೀಟರಾದರೂ ಒಳಗಿರಲಿ. ಅಗಲ ವಾಶರ್, ಬಿಚ್ಚದ ನೈಲಾಕ್ ನಟ್ಟು ಹಾಕಿಸಿ.

ಚಾಸಿಗೆ ಮಾತ್ರ ವೆಲ್ಡಿಂಗ್ ತಾಗಿಸಬೇಡಿ. ಕಾವಿಗೆ ಅದರ ಪೈಪು ಸೊರಗುತ್ತದೆ, ಮೇಲಾಗಿ 1988ರ ಮೋಟಾರು ವಾಹನ ಕಾಯಿದೆ ಗಾಡಿಯ ಮೂಲ ರೂಪ ಬದಲಿಸಲು ಬಿಡುವುದಿಲ್ಲ. ಈಗಾಗಲೇ ಇರುವ ಕ್ಯಾರಿಯರ್, ಹಿಂದಿನ ಕಾಲಿಡುವ ಕಡೆಯ ಬೋಲ್ಟುಗಳಿಗೇ ಕಚ್ಚಿಸಿ. ಬ್ರಾಕೆಟ್ಟಿನ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಗಾಲಿಯ ಜೊತೆ ಕುಣಿಯೋ ಫೋರ್ಕಿಗೆ ಕಟ್ಟಿದರೆ ಎಂಥ ತಗಡೂ ಹರಿದೀತು. ಸೈಲೆನ್ಸರ್ ಇಲ್ಲದ ಎಡಗಡೆಯೇ ಆಗಲಿ, ಪ್ಲಾಸ್ಟಿಕ್ ಪಂಪು ಕರಗೋದು ತಪ್ಪುತ್ತದೆ.

ಮೊದಲು ಕೆಂಪು ಪ್ರೈಮರ್, ಮೇಲೆ ತಿಳಿ ಬಣ್ಣ ಹೊಡೆಸಿ. ಕಪ್ಪು ಬಣ್ಣದಲ್ಲಿ ಬಿರುಕು ಕಾಣೋದಿಲ್ಲ. ತಿಳಿ ಬಣ್ಣದಲ್ಲಾದರೆ ಬಿರುಕು ಬಿಟ್ಟ ಕಡೆ ತುಕ್ಕಿನ ಕೆಂಪು ಗೆರೆ ಇಳಿಯುತ್ತದೆ. ಪಂಪು ತೊಳೆಯೋ ದಿನ ಮಡಿಕೆ, ತೂತುಗಳ ಸುತ್ತ ಒಮ್ಮೆ ಬಟ್ಟೆಯಿಂದ ಒರೆಸಿ ನೋಡಿ. ಗೆರೆ ಕಂಡರೆ ಅದರ ಮೇಲೇ ವೆಲ್ಡಿಂಗ್ ಹಚ್ಚಿಸಬೇಡಿ, ಹೊಸ ತಗಡು ತನ್ನಿ.