ಇಂದಿನ ಧಮ್ಮ ಚಿಂತನೆ: ಹೋಟೆಲಿನ ಲೋಟ

 



ಕಳೆದ ಭಾನುವಾರ ಅಪ್ಪನನ್ನು ಕರೆದುಕೊಂಡು ಮೈಸೂರಿನಿಂದ ಬೈಲುಕುಪ್ಪೆಗೆ ಹೊರಟಿದ್ದೆ. ಹುಣಸೂರು ದಾಟಿದ ಮೇಲೆ ರಸ್ತೆ ಬದಿಯ ಒಂದು ಹಳೆಯ ಹೋಟೆಲಿನಲ್ಲಿ ತಿಂಡಿಗೆ ನಿಂತೆವು. ಹೆಂಚಿನ ಮಾಡು, ನಾಲ್ಕು ಮೇಜು. ಗಲ್ಲಾದಲ್ಲಿ ಯಜಮಾನರು, ಕಾವಲಿಯ ಮುಂದೆ ಮಗ, ಒಳಗೆ ಚಟ್ನಿ ರುಬ್ಬುತ್ತಿದ್ದ ಸೊಸೆ. ಬಿಸಿ ಇಡ್ಲಿ, ಉದ್ದಿನ ವಡೆ, ಕಾಫಿ. ಎಲ್ಲವೂ ರುಚಿಯಾಗಿತ್ತು.

ದುಡ್ಡು ಕೊಡುವಾಗ ಯಜಮಾನರು ಕೇಳಿದರು: "ಯಾವೂರು ನಿಮ್ದು?"

"ಮೈಸೂರು. ನಾನು ಮೇಷ್ಟ್ರು."

"ಅದಲ್ಲ, ಯಾವ ಪೈಕಿ?"

ಈ ಪ್ರಶ್ನೆ ನಮಗೆ ಹೊಸದಲ್ಲ. "ಬೌದ್ಧರು" ಎಂದೆ.

"ಓಹೋ, ಟಿಬೆಟ್‌ನೋರ ಗುರುಗಳನ್ನ ನಂಬ್ಕೊಂಡಿದೀರಾ!" ಎಂದು ಅವರು ನಕ್ಕರು. ನಾನೂ ನಕ್ಕು ತಲೆಯಾಡಿಸಿದೆ.

ಅಷ್ಟರಲ್ಲಿ ಅಪ್ಪ ತಮ್ಮ ಕಾಫಿ ಲೋಟವನ್ನು ತಾವೇ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದರು. ನನ್ನ ಬಾಲ್ಯದಲ್ಲಿ ನಮ್ಮೂರಿನ ಹೋಟೆಲಿನಲ್ಲಿ ನಮ್ಮವರ ಲೋಟಗಳು ಹೊರಗೆ ಸೂರಿನ ಕೆಳಗೆ ಇರುತ್ತಿದ್ದವು. ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಅಪ್ಪ ನಿಂತೇ ಕುಡಿದು, ಲೋಟ ತೊಳೆದು, ಅಲ್ಲೇ ಇಟ್ಟು, ಹೋಟೆಲಿನವರನ್ನು "ಬುದ್ಧಿ" ಎಂದು ಕರೆದು ಕಾಸು ಕೊಡುತ್ತಿದ್ದರು. ಆ ಕೈ ಇನ್ನೂ ಅದನ್ನು ಮರೆತಿಲ್ಲ.

ಆದರೆ ಅಪ್ಪ ಲೋಟ ಹಿಡಿದುಕೊಂಡೇ ಯಜಮಾನರ ಕಡೆ ತಿರುಗಿ, "ಟಿಬೆಟ್ ಅಲ್ಲ ಕಣಪ್ಪ, ನಾವು ಬಾಬಾಸಾಹೇಬ್ರ ಜನ" ಎಂದರು.

ಯಜಮಾನರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಎದ್ದು ಬಂದು, "ಕೊಡಿ, ನೀವ್ಯಾಕೆ ತೊಳೀತೀರಿ" ಎಂದು ಲೋಟ ತೆಗೆದುಕೊಂಡು ಉಳಿದ ಲೋಟಗಳಿದ್ದ ಬಕೆಟ್ಟಿಗೆ ಹಾಕಿದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆ ಲೋಟ ಮಾತ್ರ ಎಲ್ಲರ ಲೋಟಗಳ ಜೊತೆ ಸೇರಿತು.

ಬಂಧುಗಳೇ, ಇದು ಯಾರ ಔದಾರ್ಯವೂ ಅಲ್ಲ. 1901ರಲ್ಲಿ ಬಾಲಕ ಭೀಮರಾವ್ ತಂದೆಯನ್ನು ನೋಡಲು ಗೋರೆಗಾಂವ್‌ಗೆ ಗಾಡಿಯಲ್ಲಿ ಹೊರಟಾಗ, ಬುತ್ತಿ ಇದ್ದರೂ ದಾರಿಯಲ್ಲಿ ಯಾರೂ ನೀರು ಕೊಡಲಿಲ್ಲ. ಮಕ್ಕಳು ಹಸಿದೇ ಮಲಗಿದರು. ಅದೇ ಬಾಲಕ ಬೆಳೆದು ಕರಡು ಸಮಿತಿಯ ಅಧ್ಯಕ್ಷರಾದ ಸಂವಿಧಾನದ 15(2)ನೇ ವಿಧಿ, ಜಾತಿಯ ಕಾರಣಕ್ಕೆ ಯಾರನ್ನೂ ಹೋಟೆಲಿನಿಂದ, ಬಾವಿಯಿಂದ, ಕೆರೆಯಿಂದ ದೂರ ಇಡಬಾರದು ಎನ್ನುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನ ಪಾತ್ರೆಗಳನ್ನೂ ಹೆಸರಿಸಿದೆ. ಪ್ರತ್ಯೇಕ ಲೋಟ ಇಡುವುದು ಅಪರಾಧ.

ಈಗ ಸುತ್ತನಿಪಾತದ ವಸಲ ಸುತ್ತವನ್ನು ನೆನೆಯೋಣ. ಶ್ರಾವಸ್ತಿಯಲ್ಲಿ ಭಿಕ್ಷೆಗೆ ಬಂದ ಬುದ್ಧರನ್ನು ಅಗ್ಗಿಕ ಭಾರದ್ವಾಜನೆಂಬ ಬ್ರಾಹ್ಮಣ ದೂರದಲ್ಲೇ ತಡೆದು "ವಸಲ", ಅಂದರೆ ಹೊಲೆಯ, ಎಂದು ಜರೆದ. ಬುದ್ಧರು ಹಿಂದೆ ಸರಿಯಲಿಲ್ಲ, ಕೋಪಗೊಳ್ಳಲಿಲ್ಲ, ತಾವು ಯಾವ ಕುಲದವರೆಂದೂ ಹೇಳಿಕೊಳ್ಳಲಿಲ್ಲ. ವಸಲ ಎಂದರೆ ಯಾರೆಂದು ನಿನಗೆ ಗೊತ್ತೇ ಎಂದು ಕೇಳಿದರು. ತನ್ನನ್ನು ಹೊಗಳಿಕೊಂಡು ಪರರನ್ನು ಕೀಳಾಗಿ ಕಾಣುವವನು, ಬೇರೆಯವರ ಮನೆಯಲ್ಲಿ ಚೆನ್ನಾಗಿ ಉಂಡು ತನ್ನ ಮನೆಗೆ ಬಂದವರನ್ನು ಸತ್ಕರಿಸದವನು ವಸಲ. ಹುಟ್ಟಿನಿಂದ ಯಾರೂ ಅಲ್ಲ ಎಂದು ವಿವರಿಸಿದರು. ಕೊನೆಗೆ ಭಾರದ್ವಾಜ ಬುದ್ಧರಿಗೆ ಶರಣಾದ.

ಬುದ್ಧರು ಕುಲ ಹೇಳದಿದ್ದುದಕ್ಕೂ ನಾನು ತಲೆಯಾಡಿಸಿದ್ದಕ್ಕೂ ವ್ಯತ್ಯಾಸವಿದೆ. ಅವರಲ್ಲಿ ಭಯವಿರಲಿಲ್ಲ, ನನ್ನಲ್ಲಿತ್ತು. ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ಆದರೆ ಆ ಯಜಮಾನರ ತಪ್ಪು ತಿಳಿವಳಿಕೆಯ ಹಿಂದೆ ಅಡಗಿ ಕುಳಿತೆ. ನಾಲ್ಕನೆಯ ಶೀಲ ಅಂಥ ತಲೆಯಾಡಿಸುವಿಕೆಗೂ ಅನ್ವಯಿಸುತ್ತದೆ. ಅಪ್ಪನ ಕೈಗೆ ಹಳೆಯ ಅಭ್ಯಾಸ ಅಂಟಿತ್ತು, ನಾಲಿಗೆ ಬಿಡುಗಡೆಯಾಗಿತ್ತು. ಎಂ.ಎ. ಓದಿದ ನನ್ನ ಕೈ ಲೋಟ ತೊಳೆಯಲಿಲ್ಲ, ನಾಲಿಗೆ ಮಾತ್ರ ಇನ್ನೂ ಸೂರಿನ ಕೆಳಗೇ ನಿಂತಿತ್ತು.

ಹಾಗೆಂದು ಕೇಳಿದವರಿಗೆಲ್ಲ ಜಾತಿ ವರದಿ ಒಪ್ಪಿಸಬೇಕಿಲ್ಲ. "ಯಾಕೆ ಕೇಳ್ತೀರಿ?" ಎಂದು ಶಾಂತವಾಗಿ ಕೇಳುವುದೂ ಸಮ್ಯಕ್ ವಾಚವೇ. ಭಯದಿಂದ ಬೇರೆ ವೇಷ ತೊಡುವುದು ಬೇಡ.

ಇಂದಿನ ಅಭ್ಯಾಸ: ಐದು ನಿಮಿಷ ಆನಾಪಾನಸತಿಯಲ್ಲಿ ಕುಳಿತು, ನೀವು ಎಲ್ಲಿ, ಯಾರ ಮುಂದೆ ತಲೆಯಾಡಿಸಿ ಸುಮ್ಮನಾದಿರಿ ಎಂದು ನೋಡಿಕೊಳ್ಳಿ. ನಿಮ್ಮನ್ನು ಬೈದುಕೊಳ್ಳಬೇಡಿ. ಸಂಜೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕುಡಿಯಿರಿ. ಅವರ ಲೋಟವನ್ನು ನೀವು ತೊಳೆಯಿರಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.