ಉಸಿರಿನ ದಾರಿ ತೆರೆದಿರಲಿ

ಮನೆಯಲ್ಲಿ ದೊಡ್ಡವರು ಯಾರಾದರೂ ದಿಢೀರನೆ ಎಚ್ಚರ ತಪ್ಪಿದರೆ ನಾವು ಏನು ಮಾಡ್ತೇವೆ? ಅಂಗಾತ ಮಲಗಿಸಿ, ತಲೆಯಡಿಗೆ ದಿಂಬಿಟ್ಟು, ಬಾಯಿಗೆ ನೀರು ಬಿಡ್ತೇವೆ. ಪ್ರೀತಿಯಿಂದ ಮಾಡುವ ಈ ಕೆಲಸಗಳೇ ಉಸಿರು ಕಟ್ಟಿಸಬಹುದು.

ಯಾಕೆ? ಎಚ್ಚರ ತಪ್ಪಿದವರ ನಾಲಿಗೆ ಸಡಿಲವಾಗಿ ಗಂಟಲಿನ ಹಿಂದಕ್ಕೆ ಜಾರುತ್ತದೆ. ದಿಂಬಿಟ್ಟರೆ ಕತ್ತು ಮಡಚಿ ದಾರಿ ಇನ್ನೂ ಕಿರಿದಾಗುತ್ತದೆ. ನುಂಗುವ, ಕೆಮ್ಮುವ ಶಕ್ತಿ ಇಲ್ಲದ್ದರಿಂದ ನೀರು, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಗೊರಕೆಯಂಥ ಶಬ್ದ ಬಂದರೆ ‘ಪಾಪ, ನಿದ್ದೆ ಹತ್ತಿದೆ’ ಅನ್ನಬೇಡಿ. ದಾರಿ ಅರ್ಧ ಮುಚ್ಚಿದೆ ಎಂದರ್ಥ. ಪೂರ್ತಿ ಮುಚ್ಚಿದರೆ ಶಬ್ದವೇ ಇರುವುದಿಲ್ಲ.

ನಾವು ಮಾಡಬೇಕಾದದ್ದು:

1. ಭುಜ ತಟ್ಟಿ ಜೋರಾಗಿ ಕರೆಯಿರಿ. ಉತ್ತರ ಬಾರದಿದ್ದರೆ ಒಬ್ಬರು ಕೂಡಲೇ 108ಕ್ಕೆ ಫೋನ್ ಮಾಡಲಿ.

2. ಹಣೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಗದ್ದವನ್ನು ಮೇಲೆತ್ತಿ. ಬಾಯಲ್ಲಿ ಕಾಣುವ ಎಲೆ-ಅಡಿಕೆ, ಸಡಿಲವಾದ ಹಲ್ಲಿನ ಸೆಟ್ ತೆಗೆಯಿರಿ. ಏನೂ ಕಾಣದಿದ್ದರೆ ಬೆರಳು ಹಾಕಿ ತಡಕಬೇಡಿ.

3. 10 ಸೆಕೆಂಡು ಎದೆ ನೋಡಿ, ಉಸಿರು ಆಲಿಸಿ. ಸರಿಯಾಗಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ. ಬಾಯಿ ನೆಲದ ಕಡೆಗಿರಲಿ. ಬಿದ್ದು ಪೆಟ್ಟಾಗಿದ್ದರೆ ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ನಾಲ್ಕು ಜನ ಹಿಡಿದು ಹೊರಳಿಸಿ.

4. ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಮಾತ್ರ ತೇಕುತ್ತಿದ್ದರೆ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುಭಾಗವನ್ನು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ.

ಎಚ್ಚರವಿದ್ದು ಏದುಸಿರು ಬಿಡುವವರನ್ನು ಮಲಗಿಸಬೇಡಿ. ಸ್ವಲ್ಪ ಮುಂದಕ್ಕೆ ಬಾಗಿ ಕೂರಲಿ. ಉಬ್ಬಸದವರಿಗೆ ಡಾಕ್ಟರು ಬರೆದುಕೊಟ್ಟ ಅವರದೇ ಇನ್ಹೇಲರ್ ಕೊಡಿ. ಗಡಿಯಾರ ನೋಡಿ ಒಂದು ನಿಮಿಷ ಉಸಿರು ಎಣಿಸಿ. ಸುಮ್ಮನೆ ಕೂತ ದೊಡ್ಡವರಿಗೆ 12ರಿಂದ 20 ಸಹಜ. 25ರಷ್ಟಾದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಾತು ತಡವರಿಸಿ ಮಂಕಾದರೆ ‘ಬೆಳಗ್ಗೆ ನೋಡೋಣ’ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಜೋರಾಗಿ ಏದುತ್ತಿದ್ದವರು ತೂಕಡಿಸಿ ಸುಮ್ಮನಾದರೆ ಗುಣವಾಯ್ತು ಅಂದುಕೊಳ್ಳಬೇಡಿ. ಉಸಿರಾಡುವ ಶಕ್ತಿಯೇ ಮುಗಿಯುತ್ತಾ ಬಂದಿರಬಹುದು.

ಸಂಘದ ಸಭೆಯಲ್ಲಿ ಮಾಡಿ ನೋಡಿ: ಇಬ್ಬಿಬ್ಬರಾಗಿ ಕೂತು ಒಬ್ಬರ ಉಸಿರನ್ನು ಇನ್ನೊಬ್ಬರು ಎಣಿಸಿ. ಚಾಪೆ ಹಾಸಿ ಮಗ್ಗುಲಿಗೆ ಹೊರಳಿಸುವುದನ್ನು ಎಲ್ಲರೂ ಅಭ್ಯಾಸ ಮಾಡಿ. ಎದೆ ಒತ್ತುವುದನ್ನು ಮಾತ್ರ ದಿಂಬಿನ ಮೇಲೆ ಕಲಿಯಿರಿ, ಮನುಷ್ಯರ ಮೇಲೆ ಬೇಡ. ಮನೆಗೆ ಹೋಗಿ ಗಂಡಸರಿಗೆ, ಮಕ್ಕಳಿಗೂ ತೋರಿಸಿಕೊಡಿ. ಎಚ್ಚರ ತಪ್ಪುವುದು ನಿಮಗೇ ಆದರೆ ಹೊರಳಿಸಬೇಕಾದವರು ಅವರೇ ತಾನೇ?